ಹಳೇ ಮನೆಯ ಕೆಂಪು ನೆಲ: ರಿಪೇರಿ ಎಲ್ಲಿಗೆ ಬಂತು

ಶನಿವಾರ

ನಡುಮನೆಯ ಕೆಂಪು ನೆಲ ಅಲ್ಲಲ್ಲಿ ಬಿರುಕು ಬಿಟ್ಟಿದೆ. ನೋಡಿದವರೆಲ್ಲ ಹೇಳುವುದು ಒಂದೇ ಮಾತು: "ಮೇಲೆ ಟೈಲ್ಸ್ ಹಾಕ್ಸಿಬಿಡಿ, ತಲೆನೋವೇ ಇರಲ್ಲ." ನನಗಂತೂ ಮನಸ್ಸಿಲ್ಲ. ಕೆಳಗೆ ನೆಲ ಟೊಳ್ಳಾಗಿದ್ದರೆ ಮೇಲೆ ಹಾಕಿದ ಟೈಲ್ಸೂ ಇವತ್ತಲ್ಲ ನಾಳೆ ಏಳುತ್ತವೆ. ನೆಲ ಎತ್ತರವಾಗಿ ಬಾಗಿಲುಗಳ ಬುಡ ಬೇರೆ ಕೊಯ್ಯಬೇಕು. ಇರುವ ನೆಲವನ್ನೇ ಉಳಿಸಿಕೊಳ್ಳುವುದು ಅಂತ ತೀರ್ಮಾನ ಮಾಡಿದ್ದೇನೆ.

ಇವತ್ತು ಬರೀ ತಟ್ಟುವ ಕೆಲಸ. ಸುತ್ತಿಗೆಯ ಹಿಡಿಯಿಂದ ಗೇಣು ಗೇಣಿಗೂ ಮೆಲ್ಲಗೆ ತಟ್ಟುತ್ತಾ ಹೋದೆ. ಗಟ್ಟಿ ಇರುವ ಕಡೆ ಬಿಗಿಯಾದ ಚಿಕ್ಕ ಸದ್ದು. ಮೇಲಿನ ಪದರ ಕಳಚಿಕೊಂಡ ಕಡೆ ಡಬಡಬ. ಡಬಡಬ ಅಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿದೆ. ಕಣ್ಣಿಗೆ ರಾಚುವ ಆ ಉದ್ದ ಬಿರುಕಿನ ಎರಡೂ ಪಕ್ಕ ಗಟ್ಟಿಯಾಗಿದೆ. ಬಿರುಕೇ ಕಾಣದ ಕಿಟಕಿ ಕೆಳಗಿನ ಜಾಗ ಮಾತ್ರ ಪೂರ್ತಿ ಟೊಳ್ಳು!

ಉದ್ದ ಬಿರುಕಿನ ಎರಡೂ ತುದಿಯಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಕು ಬರೆದೆ. ಬಿರುಕು ಆ ಗೆರೆ ದಾಟಿದರೆ ನೆಲದಡಿ ಏನೋ ಇನ್ನೂ ಅಲುಗುತ್ತಿದೆ ಎಂದರ್ಥ. ಆಗ ಅದರೊಳಗೆ ಸಿಮೆಂಟು ತುಂಬಿ ಉಪಯೋಗವಿಲ್ಲ, ತಿಳಿದವರನ್ನು ಕರೆಸಿಯೇ ನೋಡಿಸಬೇಕು.

ಸೋಮವಾರ

ಮೂಲೆಯಲ್ಲಿ ಬಿಳಿ ಪುಡಿ ಏಳುತ್ತಿತ್ತು. ಗುಡಿಸಿದರೂ ಮತ್ತೆ ಬರುತ್ತದೆ. ತೇವ ಮೇಲೇರಿ ಬಂದು ಆರುವಾಗ ಬಿಟ್ಟುಹೋಗುವ ಉಪ್ಪು ಅದು. ಅನುಮಾನ ತೀರಲಿ ಅಂತ ನಿನ್ನೆ ಅಲ್ಲೊಂದು ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿದ್ದೆ. ಇವತ್ತು ಬೆಳಿಗ್ಗೆ ಹಾಳೆಯ ಅಡಿಭಾಗದಲ್ಲಿ ಹನಿಗಳು. ಹನಿ ಮೇಲ್ಗಡೆ ಇದ್ದಿದ್ದರೆ ಗಾಳಿಯ ತೇವ ಅನ್ನಬಹುದಿತ್ತು. ಇದು ನೆಲದ್ದೇ. ಹೊರಗೆ ಹೋಗಿ ನೋಡಿದರೆ, ಚಾವಣಿಯ ಮಳೆನೀರಿನ ಪೈಪು ನೇರವಾಗಿ ಆ ಗೋಡೆಯ ಬುಡಕ್ಕೇ ಸುರಿಯುತ್ತದೆ. ಸದ್ಯಕ್ಕೆ ಆ ಮೂಲೆ ಮುಟ್ಟುವುದಿಲ್ಲ.

ಗುರುವಾರ

ಬಣ್ಣ. ನನಗೆ ಇಡೀ ಕೆಲಸದಲ್ಲಿ ಜಾಸ್ತಿ ಇಷ್ಟವಾದದ್ದು ಇದೇ.

ನೆಲಕ್ಕೆ ಕೆಂಪು ಕೊಡಲು ಸಿಮೆಂಟಿಗೆ ಬೆರೆಸುವ ಪುಡಿ ರೆಡ್ ಆಕ್ಸೈಡ್. ಎಂದರೆ ಕಬ್ಬಿಣದ ಆಕ್ಸೈಡ್, ತುಕ್ಕಿನ ಹತ್ತಿರದ ನೆಂಟ. ಹಾಗಾಗಿಯೇ ಬಿಸಿಲಿಗೆ ಬಣ್ಣ ಹೋಗುವುದಿಲ್ಲ. ಸಿಮೆಂಟಿನ ತೂಕದ ನೂರಕ್ಕೆ 10ರಷ್ಟು ಹಾಕಿದರೆ ಅದೇ ಮಿತಿ. ಅದಕ್ಕಿಂತ ಹೆಚ್ಚು ಸುರಿದರೆ ಬಣ್ಣ ಹೇಳಿಕೊಳ್ಳುವಷ್ಟು ಗಾಢವಾಗುವುದಿಲ್ಲ, ನೆಲದ ಗಟ್ಟಿತನ ಮಾತ್ರ ಕಡಿಮೆಯಾಗುತ್ತದೆ. ಹಳೇ ಡಬ್ಬಿ ಮುಚ್ಚಳಗಳಲ್ಲಿ ನೂರಕ್ಕೆ 4, 6, 8ರಂತೆ ಕಲಸಿ ಬಿಲ್ಲೆ ಮಾಡಿಟ್ಟಿದ್ದೆ. ಹಸಿಯಿದ್ದಾಗ ಮೂರೂ ಒಂದೇ ಥರ ಕಡುಗೆಂಪು. ಒಣಗಿದ ಮೇಲೆ ಒಂದು ಇಟ್ಟಿಗೆ ಬಣ್ಣ, ಇನ್ನೊಂದು ಸ್ವಲ್ಪ ಗಾಢ, ಮತ್ತೊಂದು ಇನ್ನೂ ಗಾಢ. ಹಾಗೇ ನೆಲದ ಪಕ್ಕ ಇಟ್ಟರೆ ಯಾವುದೂ ಹೊಂದುವುದಿಲ್ಲ. ಹಳೇ ನೆಲ ವರ್ಷಗಟ್ಟಲೆ ಮೇಣ ಕುಡಿದಿದೆ, ಅಲ್ವಾ? ಬಿಲ್ಲೆಗಳಿಗೂ ಮೇಣ ತಿಕ್ಕಿದೆ. ಆಗ 6ರದ್ದು ಸರಿಯಾಗಿ ಕೂತಿತು.

ಶನಿವಾರ

ಕಿಟಕಿ ಕೆಳಗಿನ ಟೊಳ್ಳು ಒಡೆದೆ. ಮಾಸ್ಕ್, ಕನ್ನಡಕ ಹಾಕಿಕೊಂಡು, ನೀರು ಚಿಮುಕಿಸುತ್ತಾ. ಒಣ ಸಿಮೆಂಟಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅಂಚುಗಳನ್ನು ಉಳಿಯಿಂದ ನೇರವಾಗಿ, ನೆಟ್ಟಗೆ ಕಡಿದೆ. ಅಂಚು ಇಳಿಜಾರಾಗಿದ್ದರೆ ಹೊಸ ಗಾರೆ ಅಲ್ಲಿ ತೆಳ್ಳಗಾಗಿ ಬೇಗ ಉದುರುತ್ತದೆ.

ಅಡಿಯಲ್ಲಿ ಸಿಕ್ಕಿದ್ದು ಸುಣ್ಣದ ಗಾರೆ. ಮೇಲ್ಭಾಗ ಉಗುರಿನಲ್ಲಿ ಕೆರೆದರೂ ಪುಡಿ. ಗಟ್ಟಿ ಪದರ ಸಿಗುವವರೆಗೂ ಕೆರೆದು ತೆಗೆದೆ. ಇಂಥ ಮೆತ್ತನೆಯ ನೆಲದ ನಡುವೆ ಬರೀ ಸಿಮೆಂಟಿನ ತೇಪೆ ಹಾಕಿದರೆ ತೇಪೆ ಉಳಿಯುತ್ತದೆ, ಸುತ್ತಲಿನದು ಒಡೆಯುತ್ತದೆ. ಆದ್ದರಿಂದ ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳು. ಗುಂಡಿಯ ಧೂಳು ಪೂರ್ತಿ ತೆಗೆದು, ಅಂಚಿನ ಮೇಣ ಉಜ್ಜಿ, ನೀರು ಕುಡಿಸಿ, ನಿಂತ ನೀರನ್ನು ಬಟ್ಟೆಯಲ್ಲಿ ಒರೆಸಿದ ಮೇಲೆ ತುಂಬಿದೆ. ಕೈಗವಸು ಬೇಕೇ ಬೇಕು, ಹಸಿ ಸಿಮೆಂಟು ಚರ್ಮ ಸುಡುತ್ತದೆ.

ಮೇಲಿನ ಬಣ್ಣದ ಪದರಕ್ಕೆ ಪುಡಿಗಳನ್ನು ಒಣಗಿರುವಾಗಲೇ ಸೇರಿಸಿ, ಜರಡಿ ಹಿಡಿದು, ಆಮೇಲೆ ನೀರು ಹಾಕಬೇಕು. ಇಲ್ಲದಿದ್ದರೆ ಕೆಂಪು ಗೆರೆಗಳು ಉಳಿದುಬಿಡುತ್ತವೆ. ತಳ ಹಸಿ ಇರುವಾಗಲೇ ಇದನ್ನು ಎಳೆದೆ. ಹೆಬ್ಬೆರಳು ಒತ್ತಿದರೆ ಸಣ್ಣ ಗುರುತು ಬೀಳುವ, ಆದರೆ ಬೆರಳಿಗೆ ಅಂಟದ ಹದ ಬರುವವರೆಗೆ ಕಾದು, ಸ್ಟೀಲ್ ಕರಣೆಯಲ್ಲಿ ತಿಕ್ಕಿದೆ. ಮೇಲೆ ನೀರಾಡಿದರೆ ಒಣ ಸಿಮೆಂಟು ಉದುರಿಸುವವರಿದ್ದಾರೆ. ನಾನು ಆ ದಾರಿಗೆ ಹೋಗಲಿಲ್ಲ. ಅದರಿಂದಲೇ ಮೇಲೆಲ್ಲ ಜೇಡರ ಬಲೆಯಂಥ ಸಣ್ಣ ಬಿರುಕು ಏಳುವುದು.

ಭಾನುವಾರ

ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್. ಕನಿಷ್ಠ 7 ದಿನ ಹೀಗೇ ಇರಬೇಕು. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ಸೇರಿ. ಬೇಗ ಒಣಗಿಸಲು ಫ್ಯಾನ್ ಹಾಕುವುದು ಸುಮ್ನೆ ಕೆಲಸ ಕೆಡಿಸಿಕೊಂಡ ಹಾಗೆ. ಮೇಣ 28 ದಿನ ಕಳೆದ ಮೇಲೆ.

ಪೆನ್ಸಿಲ್ ಗೆರೆಯನ್ನು ಬಿರುಕು ಇನ್ನೂ ದಾಟಿಲ್ಲ. ಒಂದು ಮಳೆಗಾಲ ನೋಡಿಯೇ ಅದನ್ನು ತುಂಬುತ್ತೇನೆ. ಅಷ್ಟರೊಳಗೆ ಹೊರಗಿನ ಪೈಪಿಗೆ ಬೆಂಡು ಹಾಕಿ ನೀರನ್ನು ಗೋಡೆಯಿಂದ ದೂರ ಬಿಡುವ ಕೆಲಸ ಇದೆ.