ಹೆದರುವ ನಾಯಿಗೆ ಮೊದಲು ಬೇಕಿರುವುದು ಹಿಂದೆ ಸರಿಯುವ ದಾರಿ

ಬೆಂಗಳೂರಿನ ಹೊರಗೆ ಒಂದು ಶೆಲ್ಟರ್‌ನಲ್ಲಿ ನಾಯಿಗಳ ನಡವಳಿಕೆ ನೋಡಿಕೊಳ್ಳುವುದು ನನ್ನ ಕೆಲಸ. ಗಾಡಿಗೆ ಸಿಕ್ಕಿದವು, ಮನೆ ಬದಲಾಯಿಸುವಾಗ ಬಿಟ್ಟುಹೋದವು, ಮರಿ ಮಾರುವವರ ಗೂಡಿನಿಂದ ಬಿಡಿಸಿಕೊಂಡು ಬಂದವು, ಎಲ್ಲಾ ಥರದ ನಾಯಿಗಳೂ ಇಲ್ಲಿಗೆ ಬರುತ್ತವೆ. ಅವುಗಳಲ್ಲಿ ಸಿಟ್ಟಿನ ನಾಯಿಗಿಂತ ಹೆದರುವ ನಾಯಿಯೇ ಜಾಸ್ತಿ. ದತ್ತು ತೆಗೆದುಕೊಂಡವರು ಮೊದಲ ವಾರದಲ್ಲಿ ಫೋನ್ ಮಾಡಿದರೆ ಮಾತು ಹೆಚ್ಚುಕಮ್ಮಿ ಹೀಗಿರುತ್ತದೆ: "ಮಂಚದ ಕೆಳಗಿಂದ ಈಚೆಗೇ ಬರ್ತಿಲ್ಲ ಮೇಡಂ. ಚಿಕನ್ ತೋರಿಸಿದ್ರೂ ಬರಲ್ಲ."

ಚಿಕನ್ ಎಲ್ಲಿ ಹಿಡಿದಿದ್ದಿರಿ ಅಂತ ನಾನು ಕೇಳುತ್ತೇನೆ. ಅಂಗೈಯಲ್ಲಿ ಅನ್ನುತ್ತಾರೆ. ತೊಂದರೆ ಶುರುವಾಗುವುದು ಅಲ್ಲೇ.

ಹೆದರಿದ ನಾಯಿ ಕೈಯಲ್ಲಿರುವ ತುಂಡಿಗೆ ಬಂದಾಗ ಅದರ ಹಿಂಗಾಲು ನೋಡಿ. ಮೂತಿ ಮುಂದೆ ಬಂದಿರುತ್ತದೆ, ಕತ್ತು ಉದ್ದವಾಗಿರುತ್ತದೆ, ಹಿಂಗಾಲು ಮಾತ್ರ ಇದ್ದಲ್ಲೇ ಊರಿಕೊಂಡಿರುತ್ತದೆ, ಯಾವ ಕ್ಷಣದಲ್ಲಾದರೂ ಓಡುವುದಕ್ಕೆ. ಹೊಟ್ಟೆಗೆ ಬೇಕು, ಮನಸ್ಸಿಗೆ ಬೇಡ. ತುಂಡು ನುಂಗಿದ ಮೇಲೆ ಏನಾಗುತ್ತದೆ? ಆಸೆ ಮುಗಿಯಿತು, ಎದುರಿಗೆ ಉಳಿದದ್ದು ಗುರುತಿಲ್ಲದ ಮನುಷ್ಯ, ಅದೂ ಮೂಗಿನ ಹತ್ತಿರ. ಆಗಲೇ ಅದು ಬೆಚ್ಚಿ ಹಾರುವುದು, ಇಲ್ಲವೇ ಕೈಗೆ ಬಾಯಿ ಹಾಕುವುದು. "ತಿನ್ನಿಸಿದ ಕೈಗೇ ಕಚ್ಚಿತು" ಅಂತ ಬೇಜಾರು ಮಾಡಿಕೊಂಡವರನ್ನು ತುಂಬಾ ನೋಡಿದ್ದೇನೆ. ನಾಯಿಯ ತಪ್ಪು ಅದರಲ್ಲಿ ಏನೂ ಇಲ್ಲ.

ನಾವು ಶೆಲ್ಟರ್‌ನಲ್ಲಿ ತುಂಡನ್ನು ನಾಯಿಯ ಹಿಂದಕ್ಕೆ ಎಸೆಯುತ್ತೇವೆ. ಗೌರಿ ಅಂತ ಒಂದು ಕಂದು ಬಣ್ಣದ ನಾಟಿ ನಾಯಿ ಇದ್ದಳು, ಕಟ್ಟಡ ಕಟ್ಟುವ ಜಾಗದಿಂದ ಬಂದವಳು. ನಾನು ಅವಳ ಕೆನಲ್ ಒಳಗೆ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂರುತ್ತಿದ್ದೆ. ಅವಳು ನನ್ನ ಕಡೆ ಮುಖ ಎತ್ತಿದರೆ ಸಾಕು, ಬೇಯಿಸಿದ ಚಿಕನ್ ತುಂಡು ಅವಳ ಬೆನ್ನ ಹಿಂದೆ ಬೀಳುತ್ತಿತ್ತು. ಅವಳು ತಿರುಗಿ ನನ್ನಿಂದ ದೂರ ಹೋಗಿ ತಿನ್ನಬೇಕು. ದೂರ ಹೋದಾಗ ಭಯ ಇಳಿಯುತ್ತದೆ, ಬಾಯಿಗೂ ರುಚಿ ಸಿಗುತ್ತದೆ. ಆಮೇಲೆ ತಿರುಗಿ ಬಂದರೆ ಅದು ಪೂರ್ತಿ ಅವಳದೇ ಇಷ್ಟ. ಹೀಗೆ ಹೋಗಿ ಬಂದು ಮಾಡುತ್ತಾ ಅವಳ ಹಿಂಗಾಲೂ ಮುಂದಕ್ಕೆ ಬರಲು ಶುರುವಾಯಿತು. ಒಂದು ಬೆಳಿಗ್ಗೆ ಚಿಕನ್ ಮುಗಿದಿದ್ದರೂ ಬಂದು ನನ್ನ ಮೊಣಕೈ ಮೂಸಿದಳು. ನಾನು ಕೈ ಎತ್ತಲಿಲ್ಲ. ಮೂಸಿ, ಮೈ ಕೊಡವಿಕೊಂಡು ಹೋದಳು. ಆ ಹೊತ್ತಿನಲ್ಲಿ ಆದ ಸಂತೋಷ ಈ ಕೆಲಸದಲ್ಲಿ ಇರುವವರಿಗೆ ಗೊತ್ತು.

ಮೊದಲು ಮನುಷ್ಯ ಕಾಣಬೇಕು, ಆಮೇಲೆ ಚಿಕನ್ ಬರಬೇಕು. ಈ ಕ್ರಮ ತಿರುಗಾಮುರುಗಾ ಆದರೆ ಕವರಿನ ಸದ್ದು ಕೇಳಿದ ಕೂಡಲೇ "ಯಾರೋ ಬರ್ತಾರೆ" ಅಂತ ನಾಯಿ ಮೂಲೆ ಸೇರುತ್ತದೆ. ಇನ್ನು, ಎದುರಿಗೆ ಬಿದ್ದ ಚಿಕನ್ನನ್ನೇ ಮುಟ್ಟದಿದ್ದರೆ ನಾವು ತೀರಾ ಹತ್ತಿರ ಇದ್ದೇವೆ ಅಂತ ಲೆಕ್ಕ. ಇನ್ನೊಂದು ಸ್ವಲ್ಪ ದೂರ ಸರಿಯಬೇಕು ಅಷ್ಟೇ.

ಅತಿ ಹೆಚ್ಚು ತಪ್ಪು ತಿಳಿಯುವುದು ಸುಮ್ಮನಿರುವ ನಾಯಿಯನ್ನು. "ಎಷ್ಟು ಸಾಧು ನೋಡಿ, ಎಲ್ಲಿ ಮುಟ್ಟಿದ್ರೂ ಅಲ್ಲಾಡಲ್ಲ" ಅನ್ನುತ್ತಾರೆ. ಬಾಲ ಹೊಟ್ಟೆಗೆ ಅಂಟಿದೆ, ಕಣ್ಣಿನ ಬಿಳಿ ಕಾಣುತ್ತಿದೆ, ಬಾಯಿ ಬಿಗಿದಿದೆ. ಅದು ಹೆದರಿ ಮರಗಟ್ಟಿ ನಿಂತಿದೆ. ನಿದ್ದೆ ಇಲ್ಲದೆ ಆಕಳಿಸುವುದು, ಊಟ ಇಲ್ಲದೆ ತುಟಿ ನೆಕ್ಕುವುದು, ಮುಖ ಪಕ್ಕಕ್ಕೆ ತಿರುಗಿಸುವುದು, ಇವೆಲ್ಲ "ಸ್ವಲ್ಪ ಜಾಗ ಬಿಡಿ" ಅನ್ನುವ ಮಾತುಗಳು. ನಾರ್ವೆಯ ತರಬೇತುದಾರೆ ಟುರಿಡ್ ರೂಗಾಸ್ ಈ ಸನ್ನೆಗಳನ್ನು ಜನರಿಗೆ ಕಲಿಸಿದರು. ನಾನು ಹೊಸ ಸಿಬ್ಬಂದಿಗೆ ಹೇಳುವುದು ಒಂದೇ: ಎದೆಯ ಹತ್ತಿರ ಮೂರು ಸೆಕೆಂಡ್ ಸವರಿ, ಕೈ ತೆಗೆಯಿರಿ. ಮತ್ತೆ ಹತ್ತಿರ ಬಂದರೆ ಮುಂದುವರಿಸಿ. ಬರದಿದ್ದರೆ ಅವತ್ತಿಗೆ ಅಷ್ಟೇ. ಗುರ್ ಅಂದರೆ ಬೈಯಬೇಡಿ. ಗುರುಗುಟ್ಟುವುದನ್ನು ಬಿಡಿಸಿದರೆ ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುತ್ತದೆ.

"ಪಾಪ, ಯಾರೋ ಹೊಡೆದಿರಬೇಕು" ಅನ್ನುವವರು ಜಾಸ್ತಿ. ಕೆಲವು ಸಲ ನಿಜ. ಎಷ್ಟೋ ಸಲ ಆ ನಾಯಿ ಮರಿಯಾಗಿದ್ದಾಗ ಏನನ್ನೂ ನೋಡಿರುವುದಿಲ್ಲ, ಅಷ್ಟೇ. ಮರಿಗೆ ಸುಮಾರು 3ನೇ ವಾರದಿಂದ 12–14ನೇ ವಾರದವರೆಗೆ ಜಗತ್ತು ಸುಲಭವಾಗಿ ಪರಿಚಯವಾಗುತ್ತದೆ. 14 ವಾರದ ತನಕ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದ ಮರಿಗಳು ಆಮೇಲೆ ಎಷ್ಟು ಪಳಗಿಸಿದರೂ ಮನುಷ್ಯರಿಗೆ ಹೆದರುತ್ತಲೇ ಇದ್ದವು ಅಂತ ಅಮೆರಿಕದ ಸಂಶೋಧಕರು 1961ರಲ್ಲೇ ಬರೆದಿದ್ದಾರೆ. ಆ ಕಾಲ ದಾಟಿದ ನಾಯಿಯೂ ಕಲಿಯುತ್ತದೆ, ನಿಧಾನವಾಗಿ. ಆದರೆ ಎಲ್ಲರ ಮೇಲೂ ಹಾರಿ ಮುದ್ದಾಡುವ ನಾಯಿಯಾಗಲಿ ಅಂತ ಕಾಯುವುದು ಅದಕ್ಕೆ ಅನ್ಯಾಯ.

ಮೊದಲು ಡಾಕ್ಟರಿಗೆ ತೋರಿಸಿ. ಕಿವಿ ಸೋಂಕು, ಉಣ್ಣಿ ಹುಳ ಕಚ್ಚಿ ಬರುವ ಜ್ವರ, ಸೊಂಟದ ನೋವು ಇದ್ದರೆ ಯಾವ ತರಬೇತಿಯೂ ನಾಟುವುದಿಲ್ಲ. ಭಯ ವಿಪರೀತ ಇದ್ದರೆ ಅದಕ್ಕೂ ಮಾತ್ರೆ ಕೊಡುತ್ತಾರೆ. ಹಿಂಜರಿಯಬೇಡಿ.

ಬೇರೆ ನಾಯಿಗಳ ಪರಿಚಯಕ್ಕೆ ನಮ್ಮಲ್ಲಿ ರಾಜ ಇದ್ದಾನೆ. ಮೂರು ಕಾಲಿನ ಮುದುಕ. ಯಾರ ಮೇಲೂ ಬೀಳುವುದಿಲ್ಲ, ಯಾರನ್ನೂ ದುರುಗುಟ್ಟಿ ನೋಡುವುದಿಲ್ಲ. ಗೌರಿಯನ್ನು ಅವನ ಎದುರಿಗೆ ತಂದು ನಿಲ್ಲಿಸಲಿಲ್ಲ. ಮಣ್ಣು ರಸ್ತೆಯ ಒಂದು ಅಂಚಿನಲ್ಲಿ ರಾಜ, ಇನ್ನೊಂದು ಅಂಚಿನಲ್ಲಿ ಅವಳು, ಇಬ್ಬರೂ ಒಂದೇ ದಿಕ್ಕಿಗೆ ನಡೆದರು. ಅವನು ಉಚ್ಚೆ ಹೊಯ್ದ ಗಿಡವನ್ನು ಅವಳು ಆಮೇಲೆ ಸಾವಕಾಶವಾಗಿ ಮೂಸಿದಳು. ನಾಯಿಗಳಿಗೆ ಪರಿಚಯ ಶುರುವಾಗುವುದು ಹೀಗೆಯೇ. ಹಗ್ಗ ಸಡಿಲ ಇರಬೇಕು. ಬಿಗಿ ಹಿಡಿದರೆ ಓಡುವ ದಾರಿ ಮುಚ್ಚಿತು, ಆಗ ಉಳಿಯುವುದು ಬೊಗಳಿ ಓಡಿಸುವ ದಾರಿ. "ಅವ್ರವ್ರೇ ಸರಿ ಮಾಡ್ಕೊಳ್ಳಲಿ" ಅಂತ ನಾಯಿಗಳ ಗುಂಪಿನಲ್ಲಿ ಬಿಡುವುದನ್ನು ನಾನು ಒಪ್ಪುವುದಿಲ್ಲ.

ಊರಿನಲ್ಲಿ ಇದು ಇನ್ನೂ ಕಷ್ಟ. ಪ್ರತಿ ಬೀದಿಗೂ ಅದರದೇ ನಾಯಿಗಳಿರುತ್ತವೆ, ಹೊಸಬರನ್ನು ಸುಲಭವಾಗಿ ಬಿಡುವುದಿಲ್ಲ. ಹಾಗಾಗಿ ನಸುಕಿನಲ್ಲೇ ಹೊರಡಿ, ಶುರುವಿನಲ್ಲಿ ಒಂದೇ ದಾರಿ ಹಿಡಿಯಿರಿ. ಅಪಾರ್ಟ್‌ಮೆಂಟಿನ ಲಿಫ್ಟಂತೂ ಎಲ್ಲಕ್ಕಿಂತ ಕೆಟ್ಟ ಜಾಗ, ಏಕೆಂದರೆ ಅಲ್ಲಿ ಸರಿಯಲು ಎಡೆಯೇ ಇಲ್ಲ. ಒಳಗೆ ಯಾರಾದರೂ ಇದ್ದರೆ ಬಿಟ್ಟು, ಮುಂದಿನದಕ್ಕೆ ಕಾಯಿರಿ. ಮೊದಲ ವಾರಗಳಲ್ಲಿ ಕತ್ತಿನ ಬೆಲ್ಟಿಗೆ ಒಂದು, ಎದೆಗೆ ಸುತ್ತಿ ಹಾಕುವ ಪಟ್ಟಿಗೆ (ಹಾರ್ನೆಸ್) ಒಂದು, ಎರಡು ಹಗ್ಗ ಕಟ್ಟಿ. ಬೆಲ್ಟಿನಲ್ಲಿ ಫೋನ್ ನಂಬರ್ ಇರಲಿ. ಹೆದರಿದ ನಾಯಿ ಹಿಮ್ಮುಖವಾಗಿ ಎಳೆದರೆ ಬೆಲ್ಟ್ ತಲೆಯಿಂದ ಕಳಚಿಬಿಡುತ್ತದೆ. ದೀಪಾವಳಿ ಸಮಯದಲ್ಲಿ ಹೀಗೆ ತಪ್ಪಿಸಿಕೊಂಡ ನಾಯಿಗಳನ್ನು ಹುಡುಕುವುದು ಬಹಳ ನೋವಿನ ಕೆಲಸ.

ಗೌರಿ ಈಗ ಒಂದು ಮನೆಯಲ್ಲಿದ್ದಾಳೆ. ಅಲ್ಲಿ ಅವಳು ಮೊದಲು ಹತ್ತಿರವಾದದ್ದು ಅಜ್ಜಿಗೆ. ಅಜ್ಜಿ ಹಾಲ್‌ನಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾರೆ, ಅವಳ ಕಡೆ ನೋಡುವುದೂ ಇಲ್ಲ, ಕರೆಯುವುದೂ ಇಲ್ಲ. ಅವರ ಸೀರೆ ಅಂಚಿನ ಹತ್ತಿರ ಅವಳೇ ಹೋಗಿ ಮಲಗಿದಳು. ನೆಂಟರು ಬರುವಾಗ ಮನೆಯವರು ಫೋನಿನಲ್ಲೇ ಹೇಳಿಬಿಡುತ್ತಾರೆ: "ಬಂದ ತಕ್ಷಣ ಅವಳನ್ನ ಮಾತಾಡಿಸಬೇಡಿ, ಬಂದು ಕೂತ್ಕೊಳ್ಳಿ." ಅವಳು ಒಳಗಿನ ರೂಮಿಗೆ ಹೋದರೆ ಯಾರೂ ಹಿಂದೆ ಹೋಗುವುದಿಲ್ಲ. ಕಾಫಿ ಮುಗಿಯುವ ಹೊತ್ತಿಗೆ ಕೆಲವು ಸಲ ಬಾಗಿಲವರೆಗೆ ಬರುತ್ತಾಳೆ, ಕೆಲವು ಸಲ ಇಲ್ಲ.

ಹೆಲ್ಮೆಟ್ ಹಾಕಿಕೊಂಡ ಡೆಲಿವರಿ ಹುಡುಗರ ವಿಷಯದಲ್ಲಿ ಮಾತ್ರ ಇನ್ನೂ ಕೆಲಸ ಬಾಕಿ ಇದೆ. ಸದ್ಯ ಮನೆಯ ಹೆಲ್ಮೆಟ್ಟನ್ನೇ ಹಾಲ್‌ನ ಆ ತುದಿಯಲ್ಲಿ ನೆಲದ ಮೇಲೆ ಇಡಲು ಹೇಳಿದ್ದೇನೆ. ಅವಳು ಅದನ್ನು ನೋಡಿದಾಗಲೆಲ್ಲ ಚಿಕನ್ ತುಂಡು ಈ ತುದಿಗೆ ಬೀಳುತ್ತದೆ. ಮುಂದಿನ ತಿಂಗಳು ಅದನ್ನು ಮನೆಯವರಲ್ಲೇ ಒಬ್ಬರು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ.