ಶಾರ್ಟೇಜ್ ಪಟ್ಟಿಗೆ ಸಹಿ ಹಾಕುವ ಮುಂಚೆ

ಹತ್ತನೇ ತರಗತಿಯ ಕ್ಲಾಸ್ ಟೀಚರ್‌ಗೆ ಡಿಸೆಂಬರ್ ಅಂದರೆ ನಾಮಿನಲ್ ರೋಲ್ (ಪರೀಕ್ಷೆಗೆ ಕೂರುವವರ ಪಟ್ಟಿ) ತಿದ್ದುಪಡಿ, ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟು ಆಯ್ದ ಪಾಠ), ಶಾರ್ಟೇಜ್ ಪಟ್ಟಿ (ಹಾಜರಾತಿ ಸಾಲದವರ ಪಟ್ಟಿ). ನಾಗರಹೊಳೆಯ ಕಾಡಂಚಿನ ಹೈಸ್ಕೂಲುಗಳಲ್ಲಿ ಆ ಹೊತ್ತಿಗೆ ಆದಿವಾಸಿಗಳು ವಾಸಿಸುವ ಹಾಡಿಗಳೂ ಖಾಲಿಯಾಗಿರುತ್ತವೆ. ಕೊಡಗಿನಲ್ಲಿ ಅರೇಬಿಕಾ ಹಣ್ಣಾಗುತ್ತಿದ್ದಂತೆ ತೋಟಕ್ಕೆ ಆಳು ಕರೆದೊಯ್ಯುವ ಮೇಸ್ತ್ರಿಯ ಜೀಪು ಬರುತ್ತದೆ. ಜೇನುಕುರುಬರು, ಕಾಡುಕುರುಬರು ಮಕ್ಕಳನ್ನೂ ಕರೆದುಕೊಂಡು ತೋಟದ ಲೈನ್‌ಮನೆಗೆ ಹೋಗುತ್ತಾರೆ. ದೊಡ್ಡವರು ಕಾಫಿ ಕೊಯ್ಯುವಾಗ ಹೆಣ್ಣುಮಕ್ಕಳು ತಮ್ಮ-ತಂಗಿಯರನ್ನು ನೋಡಿಕೊಳ್ಳುತ್ತಾರೆ. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ ಶುರು. ಅದು ಮುಗಿಯುವಾಗ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಎದುರಿಗೇ ಇರುತ್ತದೆ.

ನಮ್ಮ ಶಾಲೆಗೆ ಒಂದು ಮಧ್ಯಾಹ್ನ ಗ್ರೂಪಿನಲ್ಲಿ ಮೆಸೇಜ್ ಬಂತು: ಶಾರ್ಟೇಜ್ ಮಕ್ಕಳ ಪಟ್ಟಿ ಸಂಜೆ ಐದರೊಳಗೆ ತಲುಪಬೇಕು. ಎಚ್‌ಎಂ ಸರ್ ಸಿದ್ಧವಾಗಿದ್ದ ಹಾಳೆಯನ್ನು ನನ್ನ ಮುಂದಿಟ್ಟರು. ಅದರಲ್ಲಿದ್ದ ಹೆಸರುಗಳೆಲ್ಲ ಹಾಡಿಯವರದೇ. ನಾನು ಸಹಿ ಹಾಕಿದರೆ ಆ ಮಕ್ಕಳಿಗೆ ಹಾಲ್ ಟಿಕೆಟ್ ಇಲ್ಲ.

"ಸರ್, ಇದು ಡಿಸೆಂಬರ್ ಒಂದೇ ತಿಂಗಳ ಹಾಜರಾತಿ ಅಲ್ವಾ?" ಎಂದೆ.

"ಬಂದ್ರೂ ಪಾಸಾಗಲ್ಲ ಮೇಡಂ. ರಿಸಲ್ಟ್ ಕಡಿಮೆಯಾದ್ರೆ ನೋಟಿಸ್ ಬರೋದು ನನಗೆ."

ಅವರು ಕೆಟ್ಟವರಲ್ಲ. ಹಿಂದಿನ ವರ್ಷದ ಫಲಿತಾಂಶಕ್ಕೆ ವಿಡಿಯೋ ಕಾನ್ಫರೆನ್ಸಿನಲ್ಲಿ ಎಲ್ಲರೆದುರು ನಿಂತು ಮಾತು ಕೇಳಿಸಿಕೊಂಡವರು. ಶೇಕಡಾವಾರು ಉಳಿಸಿಕೊಳ್ಳಲು ಓದದ ಮಕ್ಕಳ ಹೆಸರು ತೆಗೆಯುವುದೇ ಸುಲಭ ಎಂಬಂತೆ ಈ ವ್ಯವಸ್ಥೆ ಇದೆ. ಅದರ ಮೊದಲ ಪೆಟ್ಟು ಆದಿವಾಸಿ ಮಕ್ಕಳಿಗೇ ಬೀಳುತ್ತದೆ.

ಹಾಜರಾತಿ ಪುಸ್ತಕ ತರಿಸಿ ಜೂನ್‌ನಿಂದ ಎಣಿಸತೊಡಗಿದೆ. ವರ್ಷಕ್ಕೆ 220 ಶಾಲಾ ದಿನ ಅಂತ ಇಟ್ಟುಕೊಂಡರೂ ಪರೀಕ್ಷೆಗೆ ಬೇಕಾದ ಶೇ. 75 ಹಾಜರಾತಿ ಅಂದರೆ 165. 55 ದಿನ ತಪ್ಪಿದರೂ ಪರೀಕ್ಷೆಗೆ ಕೂರಬಹುದು. ಈ ಮಕ್ಕಳು ನವೆಂಬರ್ ಕೊನೆಯವರೆಗೆ ಮಳೆಯಲ್ಲೂ ನಡೆದು ಬಂದವರು. ಜನವರಿ ಎರಡನೇ ವಾರ ವಾಪಸಾದರೂ ಸಾಕಿತ್ತು. ನಾನು ಒಂದೊಂದೇ ಹೆಸರಿನ ಮುಂದೆ ಅಂಕಿ ಬರೆಯುತ್ತಿದ್ದೆ, ಎಚ್‌ಎಂ ಸರ್ ಫೋನಿನಲ್ಲಿ "ಹತ್ತೇ ನಿಮಿಷ ಸರ್, ಹತ್ತೇ ನಿಮಿಷ" ಎನ್ನುತ್ತಿದ್ದರು. ಐದು ದಾಟಿತು. ಕೊನೆಗೆ ಅವರೇ ಕನ್ನಡಕ ಹಾಕಿಕೊಂಡು ಲೆಕ್ಕ ನೋಡಿದರು, ಪಟ್ಟಿಯನ್ನು ಡ್ರಾಯರಿಗೆ ಹಾಕಿದರು. "ಕರ್ಕೊಂಡು ಬರೋ ಜವಾಬ್ದಾರಿ ನಿಮ್ದು" ಎಂದರು.

ಮೇಸ್ತ್ರಿಯ ನಂಬರಿಗೆ ಫೋನ್ ಮಾಡಿ ಒಬ್ಬ ಹುಡುಗಿಯ ತಂದೆಯ ಜೊತೆ ಮಾತಾಡಿದೆ. ಅವರು ಓದು ಬೇಡ ಅನ್ನಲಿಲ್ಲ. "ಮುಂಗಡ ಈಸ್ಕೊಂಡಿವ್ನಿ ಟೀಚ್ರಮ್ಮ, ಅದು ತೀರೋಗಂಟ ನಾ ಬರಾಕಾಗಲ್ಲ. ಮಗಳ್ನ ಕಳಿಸ್ತೀನಿ, ಹಾಡೀಲಿ ಯಾರ ತಾವ ಬುಡ್ಲಿ?"

ಆದಿವಾಸಿ ಪೋಷಕರಿಗೆ ಶಿಕ್ಷಣದಲ್ಲಿ ಆಸಕ್ತಿ ಇಲ್ಲ ಎಂದು ಪ್ರತಿ ತರಬೇತಿಯಲ್ಲೂ ಹೇಳುತ್ತಾರೆ. ನಾಗರಹೊಳೆಯಿಂದ 3,418 ಆದಿವಾಸಿ ಕುಟುಂಬಗಳು ಹೊರಬಿದ್ದವೆಂದು ಹೈಕೋರ್ಟ್ ನೇಮಿಸಿದ್ದ ಮುಜಾಫರ್ ಅಸ್ಸಾದಿ ಸಮಿತಿ ಗುರುತಿಸಿತ್ತು. ಉಳಲು ಭೂಮಿ, ಹೋಗಲು ಕಾಡು ಎರಡೂ ಇಲ್ಲದವರು ಮುಂಗಡ ಪಡೆಯದೆ ಮಳೆಗಾಲ ಕಳೆಯುವುದು ಹೇಗೆ? ಆ ತಂದೆ ನನ್ನನ್ನು ಕೇಳಿದ್ದು ಮಗಳಿಗೆ ರಾತ್ರಿ ಮಲಗಲು ಒಂದು ಜಾಗ, ಅಷ್ಟೇ.

ಹಾಸ್ಟೆಲಿನ ದಾಖಲಾತಿ ಮುಗಿದು ತಿಂಗಳುಗಳಾಗಿದ್ದವು. ವಾರ್ಡನ್‌ಗೆ ಫೋನ್ ಮಾಡಿದೆ. "ಮಂಜೂರಾದ ಸಂಖ್ಯೆ ತುಂಬಿದೆ ಮೇಡಂ, ಹೆಚ್ಚಿನ ಮಕ್ಕಳ ಊಟಕ್ಕೆ ಇಂಡೆಂಟ್ ಸಿಗಲ್ಲ. ಕಳಿಸಿ, ಅನ್ನ ಹಾಕ್ತೀನಿ" ಎಂದರು ಆ ತಾಯಿ. ಸಂಕ್ರಾಂತಿಯ ಹೊತ್ತಿಗೆ ಪಟ್ಟಿಯಲ್ಲಿದ್ದ ಹೆಚ್ಚಿನ ಹುಡುಗಿಯರು ಬಂದರು. ಹುಡುಗರಲ್ಲಿ ಕೆಲವರು ಬರಲೇ ಇಲ್ಲ, ಅವರು ಆಗಲೇ ಆಳಿನ ಲೆಕ್ಕಕ್ಕೆ ಸೇರಿದ್ದರು. ಬಂದವರಿಗೆ ಬಿಟ್ಟುಹೋದ ಪಾಠವನ್ನು ಸಂಜೆ ಹಾಸ್ಟೆಲಿನಲ್ಲೇ ಹೇಳಿಕೊಟ್ಟೆವು. ಒಂದಿಬ್ಬರಿಗೆ ಗಣಿತ ಉಳಿಯಿತು, ಆಮೇಲಿನ ಪರೀಕ್ಷೆ-2ರಲ್ಲಿ ದಾಟಿದರು.

ಆದರೆ ಒಬ್ಬ ವಾರ್ಡನ್‌ಳ ಒಳ್ಳೆಯತನದ ಮೇಲೆ ಇಷ್ಟೊಂದು ಮಕ್ಕಳ ಓದು ನಿಲ್ಲಬಾರದು. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಹದಿನಾಲ್ಕು ವರ್ಷದವರೆಗೆ ಮಾತ್ರ. ಒಂಬತ್ತು, ಹತ್ತಕ್ಕೆ ಬಂದ ಮಗು ಹೋದರೆ ಹುಡುಕಿಕೊಂಡು ಬರುವ ಕಾಯ್ದೆಯ ಒತ್ತಡ ಯಾರ ಮೇಲೂ ಇಲ್ಲ. ಆದಿವಾಸಿ ಮಕ್ಕಳ ವಸತಿ ಶಾಲೆಗಳಾದ ಆಶ್ರಮ ಶಾಲೆಗಳಲ್ಲಿ ಹೆಚ್ಚಿನವು ಹೈಸ್ಕೂಲಿಗಿಂತ ಮುಂಚೆಯೇ ಮುಗಿಯುತ್ತವೆ. ವಲಸೆ ಹೋಗುವವರ ಮಕ್ಕಳಿಗೆ ಋತುಮಾನದ ಹಾಸ್ಟೆಲ್ ತೆರೆಯಲು ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ, ಆದರೆ ಅದನ್ನು ಕೊಯ್ಲಿಗೆ ಮುಂಚೆ ಯೋಜಿಸಬೇಕು.

ಈಗ ನಾವು ಸೆಪ್ಟೆಂಬರಿನಲ್ಲೇ ಸಂಜೆ ಹೊತ್ತು ಹಾಡಿಗೆ ಹೋಗಿ ಯಾರ ಮನೆಯಲ್ಲಿ ಮುಂಗಡ ಪಡೆದಿದ್ದಾರೆ ಎಂದು ಕೇಳಿ ಬರೆದುಕೊಳ್ಳುತ್ತೇವೆ. ಹಗಲು ಹೋದರೆ ಯಾರೂ ಸಿಗುವುದಿಲ್ಲ. ಆ ಪಟ್ಟಿಯ ಜೊತೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚುವರಿ ಹಾಸಿಗೆ, ಊಟದ ಇಂಡೆಂಟ್ ಕೇಳಿ ಪತ್ರ ಕಳಿಸಿದ್ದೇವೆ. ಶಾಲೆ ಒಂದು ಇಲಾಖೆಯದು, ಹಾಸ್ಟೆಲ್ ಇನ್ನೊಂದರದು, ಕಡತ ಎರಡರ ನಡುವೆ ನಿಂತಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾರಾದರೂ ಇಂಥ ಮಂಜೂರಾತಿ ಪಡೆದಿದ್ದರೆ ಆ ಆದೇಶದ ಪ್ರತಿ ದಯವಿಟ್ಟು ಕಳಿಸಿ. ಅದನ್ನು ಲಗತ್ತಿಸಿ ಮತ್ತೆ ಬರೆಯುತ್ತೇವೆ.