ಟ್ರೈಬ್ ಎಪಿಸೋಡ್ ಎಲ್ಲಿಗೆ ಬಂತು?

ಕನ್ನಡದಲ್ಲಿ ಹಿಪ್‌ಹಾಪ್ ಬಗ್ಗೆ ಹರಟುವ ನಮ್ಮ ಆಡಿಯೊ ಸರಣಿಯಲ್ಲಿ ಈಗ ಅಮೆರಿಕದ ಹಿಪ್‌ಹಾಪ್ ಗುಂಪು ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ಸರದಿ. ಅವರ ಕೊನೆಯ ಆಲ್ಬಂ ‘ವಿ ಗಾಟ್ ಇಟ್ ಫ್ರಮ್ ಹಿಯರ್... ಥ್ಯಾಂಕ್ ಯೂ ಫಾರ್ ಯುವರ್ ಸರ್ವಿಸ್’. ಮೊದಲ ಭಾಗ ರೆಕಾರ್ಡ್ ಆಯಿತು. ಜಾಗ, ಹಾಸನದ ಹೊರಗೆ ಗೆಳೆಯನ ಮನೆಯವರ ಆಲೂಗಡ್ಡೆ ಗೋದಾಮು. ಸುತ್ತ ಖಾಲಿ ಗೋಣಿಚೀಲ ನೇತುಹಾಕಿದರೆ ದನಿ ಗುಂಯ್ ಅನ್ನುವುದಿಲ್ಲ. ಮಳೆ ಬಂತೋ, ಶೀಟಿನ ಸದ್ದಿಗೆ ಕೆಲಸ ಬಂದ್.

ಬೆಂಗಳೂರಿನಿಂದಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸ್ತೀನಿ ಅಂದಿದ್ದ ಗೆಳೆಯ. ನಾನು ಒಪ್ಪಲಿಲ್ಲ. ಈ ಆಲ್ಬಂ ಹುಟ್ಟಿದ್ದೇ ಒಂದೇ ರೂಮಿನಲ್ಲಿ ಕೂತು, ಅಲ್ವಾ? 2015ರ ನವೆಂಬರ್ 13ರಂದು, ಪ್ಯಾರಿಸ್ ದಾಳಿಯ ದಿನವೇ, ಗುಂಪು ಅಮೆರಿಕದ ಟಿವಿಯಲ್ಲಿ ಮತ್ತೆ ಒಟ್ಟಿಗೆ ಹಾಡಿತು. ಆಮೇಲೆ ಗುಂಪಿನ ರ‍್ಯಾಪರ್ ಕ್ಯೂ-ಟಿಪ್‌ನ ನ್ಯೂಜೆರ್ಸಿ ಮನೆಯ ಸ್ಟುಡಿಯೋದಲ್ಲಿ ಕೆಲಸ ಶುರುವಾಯಿತು. ಡಯಾಬಿಟಿಸ್‌ನಿಂದ ಬಳಲುತ್ತಿದ್ದ ಇನ್ನೊಬ್ಬ ರ‍್ಯಾಪರ್ ಫೈಫ್ ಡಾಗ್ ಕ್ಯಾಲಿಫೋರ್ನಿಯಾದಿಂದ ಅಲ್ಲಿಗೆ ಬರುತ್ತಿದ್ದ. 2016ರ ಮಾರ್ಚ್ 22ರಂದು ತೀರಿಕೊಂಡ. 45 ವರ್ಷ ಅಷ್ಟೇ. ಒಬ್ಬನ ಸಾಲು ಮುಗಿಯುವ ಮೊದಲೇ ಇನ್ನೊಬ್ಬ ಬಾಯಿ ಹಾಕುವ ಆ ಜುಗಲ್‌ಬಂದಿ ಫೈಲ್ ಕಳಿಸಿಕೊಂಡು ಆಗುವಂಥದ್ದಲ್ಲ.

ಈಗ ಒದ್ದಾಡುತ್ತಿರುವುದು ಎರಡನೇ ಭಾಗ: ಜನ ಇದನ್ನು ಹೇಗೆ ತಗೊಂಡರು ಅನ್ನುವುದು. ಆಲ್ಬಂ ಬಂದದ್ದು 2016ರ ನವೆಂಬರ್ 11, ಟ್ರಂಪ್ ಗೆದ್ದ ವಾರ. (ನಾವು ಇಲ್ಲಿ ಹಳೇ ನೋಟು ಹಿಡಿದು ಬ್ಯಾಂಕಿನ ಮುಂದೆ ನಿಂತಿದ್ದ ವಾರವೂ ಅದೇ.) 18 ವರ್ಷದ ನಂತರ ಬಂದ ಆಲ್ಬಂ ಸೀದಾ ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯ ಒಂದನೇ ಸ್ಥಾನಕ್ಕೆ ಹೋಯಿತು. 1996ರ ನಂತರ ಅವರಿಗೆ ಅದು ಸಿಕ್ಕಿರಲಿಲ್ಲ. ಬಿಡುಗಡೆಯ ಮಾರನೇ ದಿನವೇ ‘ಸ್ಯಾಟರ್ಡೇ ನೈಟ್ ಲೈವ್’ ಟಿವಿ ಶೋದಲ್ಲಿ ಹಾಡಿದರು. ಫೈಫ್ ದನಿ ಬರುವಾಗ ವೇದಿಕೆಯ ಮೇಲೆ ಅವನ ದೊಡ್ಡ ಚಿತ್ರ ಇಳಿಯಿತು.

ಹಾಗಾಗಿ ಹೊಗಳಿಕೆಯಲ್ಲಿ ಎಷ್ಟು ಪಾಲು ಸಂಗೀತಕ್ಕೆ, ಎಷ್ಟು ದುಃಖಕ್ಕೆ, ಎಷ್ಟು ಚುನಾವಣೆಯ ಸಿಟ್ಟಿಗೆ? ‘ವಿ ದ ಪೀಪಲ್’ ಹಾಡು ಫಲಿತಾಂಶಕ್ಕೂ ಮೊದಲೇ ತಯಾರಾಗಿತ್ತು. ಜನ ಅದನ್ನು ಉತ್ತರ ಅಂತಲೇ ಕೇಳಿದರು. ಕೊನೆಯ ಹಾಡು ‘ದ ಡೊನಾಲ್ಡ್’ ಟ್ರಂಪ್ ಬಗ್ಗೆಯೇ ಇರಬೇಕು ಅನಿಸುತ್ತದೆ. ಅಲ್ಲ, ಅದು ಫೈಫ್‌ಗೆ ಸಲ್ಲಿಸಿದ ಗೌರವ. ನನ್ನ ಪ್ರಕಾರ, ಸುದ್ದಿಯನ್ನೆಲ್ಲ ಪಕ್ಕಕ್ಕಿಟ್ಟರೂ ಮೊದಲ ಅರ್ಧ ಗಟ್ಟಿಯಾಗಿ ನಿಲ್ಲುತ್ತದೆ. ಎರಡನೇ ಅರ್ಧ ಸ್ವಲ್ಪ ಸಡಿಲ. ಅಲ್ಲಿ ಅತಿಥಿಗಳು ಜಾಸ್ತಿಯಾದರು. ಗೆಳೆಯ ಇದನ್ನು ಸುತಾರಾಂ ಒಪ್ಪಲ್ಲ. ಈ ಜಗಳ ಎಡಿಟ್ ಮಾಡದೆ ಹಾಗೇ ಬಿಟ್ಟಿದ್ದೇನೆ.

ಹಾಡು ಹಾಕುವಂತಿಲ್ಲ, ಕಾಪಿರೈಟ್ ತಲೆನೋವು. ತಾಳವನ್ನು ಮೇಜು ಕುಟ್ಟಿ ತೋರಿಸುತ್ತಿದ್ದೇವೆ.

ಗ್ರ್ಯಾಮಿ ವಿಷಯ ಎಪಿಸೋಡಿನಲ್ಲಿ ಇಡುವುದೋ ಬೇಡವೋ, ಇನ್ನೂ ತೀರ್ಮಾನವಾಗಿಲ್ಲ. 2017ರ ಫೆಬ್ರವರಿಯಲ್ಲಿ ಆ ವೇದಿಕೆಯಲ್ಲೇ ಅಬ್ಬರಿಸಿದ ಗುಂಪಿಗೆ ಮುಂದಿನ ವರ್ಷ ಒಂದು ನಾಮಿನೇಷನ್ ಕೂಡ ಬರಲಿಲ್ಲ. ಕ್ಯೂ-ಟಿಪ್ ಬಹಿರಂಗವಾಗಿ ಸಿಡಿದ. ಬ್ರಿಟನ್ನಿನವರು ಮಾತ್ರ ಬ್ರಿಟ್ ಪ್ರಶಸ್ತಿ ಕೊಟ್ಟಿದ್ದರು. ಗೆಳೆಯ ‘ಇದನ್ನ ತೆಗೆದುಬಿಡು, ಉದ್ದ ಆಯ್ತು’ ಅನ್ನುತ್ತಿದ್ದಾನೆ. ನಾನು ತೆಗೆಯಲ್ಲ. ಬೇಕಾದರೆ ಮೇಜು ಕುಟ್ಟಿದ್ದನ್ನು ಕತ್ತರಿಸುತ್ತೇನೆ.